ಇಲ್ಲದ ಬೆಂಕಿರೇಖೆ

ಆ ವರ್ಷ ಚಾಮುಂಡಿ ಬೆಟ್ಟದ ಬೆಂಕಿಯನ್ನು ತಾಯಿ ಚಾಮುಂಡಿಯೇ ತಡೆದಳು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅರಣ್ಯ ಇಲಾಖೆಯವರನ್ನು ಕೇಳಿದರೆ, ತಡೆದದ್ದು ನಮ್ಮ ಬೆಂಕಿರೇಖೆ ಎನ್ನುತ್ತಾರೆ. ಮೊದಲನೆಯದನ್ನು ನಂಬುವ ಜಾಯಮಾನ ನನ್ನದಲ್ಲ. ಎರಡನೆಯದು ಶುದ್ಧ ಸುಳ್ಳು; ಅದಕ್ಕೆ ನಾನೇ ಸಾಕ್ಷಿ. ಹಾಗಾದರೆ ತಡೆದದ್ದು ಯಾವುದು? ಇಲ್ಲಿಗೆ ಬಂದಾಗ ನನ್ನ ವಾದವೂ ನಿಂತುಹೋಗುತ್ತದೆ.

ತೊಂಬತ್ತರ ದಶಕದ ಕೊನೆ. ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಕಾದಾಡಿದ್ದೇ ಹೆಚ್ಚು. ಪವಾಡ ಎಂದವರನ್ನು ನಗೆಪಾಟಲು ಮಾಡುವುದೆಂದರೆ ಬಲು ಇಷ್ಟ. ಆ ಸಲದ ವಿಷಯ: ಮಳೆಕಾಡುಗಳ ನಾಶವನ್ನೂ ಕಾಡ್ಗಿಚ್ಚನ್ನೂ ತಡೆಯಲು ಸರ್ಕಾರದ ನೀತಿ ಸಾಕೇ? ಸಾಲದು ಎನ್ನುವ ಪಕ್ಷ ನನ್ನದು. ಮಳೆಕಾಡು ದೂರ, ಆದರೆ ಕಣ್ಣೆದುರಿನ ಬೆಟ್ಟಕ್ಕೂ ಅದೇ ಇಲಾಖೆ, ಅದೇ ನೀತಿ ತಾನೇ? ಗೆಳತಿ ಗಿರಿಜೆಯ ಸೋದರಮಾವ ಮಾದಣ್ಣ ಬೇಸಿಗೆಯ ಮಟ್ಟಿಗೆ ಅಲ್ಲಿ ಬೆಂಕಿ ಕಾಯುವ ಕೆಲಸದಲ್ಲಿದ್ದರು. ಅವರನ್ನು ಕಾಣಲು ಗಿರಿಜೆಯೂ ನಾನೂ ಹೋದೆವು.

ನೀತಿಯ ಪ್ರಕಾರ ಸಂಕ್ರಾಂತಿಯ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮೊದಲೇ, ಬೆಟ್ಟದ ಉದ್ದಕ್ಕೂ ಒಂದು ಪಟ್ಟಿ ಹುಲ್ಲನ್ನು ಕೊಯ್ದು ಹದವಾಗಿ ಸುಟ್ಟುಬಿಡಬೇಕು. ಆಮೇಲೆ ಬರುವ ಬೆಂಕಿ ಆ ಬೋಳು ಪಟ್ಟಿಯನ್ನು ದಾಟಲಾರದು. ಅದೇ ಬೆಂಕಿರೇಖೆ. ನಾವು ಹೋದದ್ದು ಶಿವರಾತ್ರಿ ಕಳೆದ ಮೇಲೆ. ಮೊಣಕಾಲೆತ್ತರ ಒಣಹುಲ್ಲು, ರೇಖೆಯ ಸುಳಿವೇ ಇಲ್ಲ.

"ಆರ್ಡರ್ ಬಂದಿದ್ದೇ ಮೊನ್ನೆ ಕಣವ್ವ. ಈಗ ಕಡ್ಡಿ ಗೀರಿದ್ರೆ ಬೆಟ್ಟಾನೇ ಉರ್ದೋಯ್ತದೆ," ಎಂದರು ಮಾದಣ್ಣ. "ಬೆಂಕಿ ರಸ್ತೆಗಂಟ ಬಂತೋ, ನಾಳೆಯಿಂದ ನೀನು ಬರ್ಬೇಡ ಅಂದವ್ರೆ ಸಾಹೇಬ್ರು."

"ಹೇಳ್ಬೇಡ ಮಾವ, ಇವ್ಳು ಭಾಷಣಕ್ಕೆ ಹಾಕ್ಬುಡ್ತಾಳೆ," ಎಂದು ಗಿರಿಜೆ ನಕ್ಕಳು.

ನಗು ಮುಗಿಯುವ ಮೊದಲೇ ಕೆಳಗಿನಿಂದ ಹೊಗೆ ಎದ್ದಿತು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಚಟಚಟ ಎನ್ನುತ್ತಾ ಬೆಂಕಿ ಏರಿ ಬಂತು. ನಾವಿಬ್ಬರೂ ರಸ್ತೆಗೆ ಓಡಿದೆವು. ಮಾದಣ್ಣ ಓಡಲಿಲ್ಲ. ಹಸಿರು ಕೊಂಬೆ ಮುರಿದುಕೊಂಡು ಹುಲ್ಲಿನ ನಡುವೆ ಒಂದು ಕಡೆ ಹೋಗಿ ನಿಂತರು. ಬೆಂಕಿ ಬಡಿಯುವುದಕ್ಕೆ ಎಂದುಕೊಂಡೆ. ಅವರು ಕೊಂಬೆ ಎತ್ತಲೇ ಇಲ್ಲ. ಬೆಂಕಿ ಅವರ ಕಾಲ ಬಳಿಗೆ ಬಂದು, ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದೇ ಗೆರೆಯಲ್ಲಿ ಕುಗ್ಗಿ ಆರಿತು. ಗಾಳಿ ಮಾತ್ರ ಬೂದಿಯನ್ನು ಇನ್ನೂ ನಮ್ಮ ಮುಖಕ್ಕೆ ರಾಚುತ್ತಿತ್ತು.

ನೀರು ಹಾಕಿರಬೇಕು ಎಂದುಕೊಂಡು ಗೆರೆಯುದ್ದಕ್ಕೂ ನಡೆದೆ. ಮಣ್ಣು ಮೂಸಿದೆ. ಒಣ ಮಣ್ಣು. ಈಚೆ ಬದಿಯ ಹುಲ್ಲು ಒಂದು ಹಿಡಿ ಕಿತ್ತು, ಬಂಡೆಯ ಮೇಲಿಟ್ಟು, ಮಾದಣ್ಣನ ಬೆಂಕಿಪೊಟ್ಟಣದಿಂದಲೇ ಕಡ್ಡಿ ಗೀರಿದೆ. ಭಗ್ಗನೆ ಹೊತ್ತಿಕೊಂಡಿತು. ಅವರು ಓಡಿ ಬಂದು ತುಳಿದು ಆರಿಸಿದರು. "ಬ್ಯಾಡ ಕಣವ್ವ, ಪರೀಕ್ಷೆ ಮಾಡ್ಬ್ಯಾಡ."

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಕೆಳಗಿಳಿಯಲೂ ಇಲ್ಲ. ಸುಟ್ಟ ನೆಲದ ನೇರ ಅಂಚನ್ನು ಕೂತಲ್ಲಿಂದಲೇ ನೋಡಿ, "ಭೇಷ್ ಮಾದ, ಲೈನ್ ಚೆನ್ನಾಗಿ ಹೊಡ್ದಿದ್ದೀಯ. ಮುಂದಿನ ವರ್ಷಾನೂ ನೀನೇ ಬಾರಯ್ಯ," ಎಂದರು. ಮಾದಣ್ಣ ಕೈ ಮುಗಿದರು.

ಸ್ಪರ್ಧೆಯಲ್ಲಿ ನಾನು ಬೆಟ್ಟದ ಮಾತೆತ್ತಲಿಲ್ಲ. ರೇಖೆಯೇ ಇರಲಿಲ್ಲ ಎಂದಿದ್ದರೆ ಮಾದಣ್ಣನ ಕೆಲಸ ಹೋಗುತ್ತಿತ್ತು. ಆದರೆ ಅಂದು ಜೀಪು ತಿರುವು ದಾಟಿದ ಮೇಲೆ ಕೇಳದೆ ಇರಲು ಆಗಲಿಲ್ಲ. ಅವರು ಬೀಡಿ ಹಚ್ಚಲು ಹೋಗಿ, ಹಚ್ಚದೆ, ಕೆಳಗಿನ ಕರಿನೆಲವನ್ನೇ ನೋಡುತ್ತಾ ಕೂತಿದ್ದರು.

"ಮಾದಣ್ಣ, ಬೆಂಕಿ ಅಲ್ಲೇ ನಿಲ್ಲುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"