ಬಾಗಿಲಕ್ಕನ ಬಣ್ಣ

ನಮ್ಮ ಬಟ್ಟೆ ಅಂಗಡಿಯ ಬಾಗಿಲಕ್ಕ ಬಾಗಿಲು ಕಾಯುವವರಲ್ಲ. ಇಪ್ಪತ್ತೆರಡು ವರ್ಷದಿಂದ ಒಳಗಿನ ಮೂರನೆಯ ಕೌಂಟರಿನಲ್ಲಿ ಬಟ್ಟೆ ಬಿಚ್ಚಿ ತೋರಿಸುವವರು. ಗಿರಾಕಿ ಯಾವ ಬಣ್ಣ ಆರಿಸಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಟ್ಯೂಬ್‌ಲೈಟ್ ನಂಬ್ಬೇಡಿ, ಬಾಗಿಲಿಗೆ ಬನ್ನಿ." ಹಾಗಾಗಿ ಆ ಹೆಸರು.

ಬಟ್ಟೆಯ ಥಾನನ್ನು ಹೆಗಲಿಗೇರಿಸಿಕೊಂಡು ಗಿರಾಕಿಯನ್ನು ಹೊಸ್ತಿಲವರೆಗೆ ಕರೆತರುತ್ತಿದ್ದರು. ಒಂದು ಮಡಿಕೆ ಬಿಚ್ಚಿ ಗಲ್ಲದ ಕೆಳಗೆ ಹಿಡಿದು, ಹೊರಗಿನ ಬೆಳಕಿನಲ್ಲಿ ಮುಖ ನೋಡುತ್ತಿದ್ದರು. ಬಟ್ಟೆಯನ್ನಲ್ಲ, ಮುಖವನ್ನು. "ಬಟ್ಟೆ ಚೆನ್ನಾಗಿದ್ರೆ ಅಂಗಡಿಗೆ ಲಾಭ, ನೀವು ಚೆನ್ನಾಗಿ ಕಂಡ್ರೆ ನಿಮಗೆ ಲಾಭ" ಎನ್ನುತ್ತಿದ್ದರು. ಒಪ್ಪದ ಬಣ್ಣವನ್ನು ಮಾರಿದ್ದನ್ನು ನಾನಂತೂ ಕಂಡಿಲ್ಲ.

ಆ ಹೊಸ್ತಿಲ ಪಕ್ಕದಲ್ಲೇ ನನ್ನ ಹೊಲಿಗೆ ಯಂತ್ರ. ನಾನು ಅಂಗಡಿಯ ದರ್ಜಿ. ಸಿಡುಕ ಎಂದು ಹೆಸರು ಪಡೆದಿದ್ದೇನೆ, ಅದು ಸುಳ್ಳೇನೂ ಅಲ್ಲ.

ಹಳೆಯ ಯಜಮಾನರದ್ದು ಒಂದು ಕಟ್ಟಪ್ಪಣೆ ಇತ್ತು: "ಮಾರೋರು ಮಂಕಾಗಿದ್ರೆ ಮಾಲು ಮಿಂಚುತ್ತೆ." ಉಳಿದವರು ಇದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ಬಾಗಿಲಕ್ಕ ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಯಾರೂ ಕೊಳ್ಳದೆ ಉಳಿದ ತುಂಡುಗಳನ್ನು ಯಜಮಾನರು ಕೆಲಸದವರಿಗೆ ಅರ್ಧ ಬೆಲೆಗೆ ಕೊಡುತ್ತಿದ್ದರು. ಬಾಗಿಲಕ್ಕ ಒಯ್ಯುತ್ತಿದ್ದುದು ಅವನ್ನೇ. ಯಾರೂ ಕೊಳ್ಳದ ಬಣ್ಣ ಎಂದರೆ ಕೇಳಬೇಕೆ? ಬೂದಿ, ಕೆಸರು, ಒಣಗಿದ ಪಾಚಿ. ಎಲ್ಲವನ್ನೂ ಹೊಲಿದು ಕೊಟ್ಟವನು ನಾನೇ. ಅವರಿಗೆ ಅದೇ ಇಷ್ಟವಿರಬೇಕು ಅಂದುಕೊಂಡು ಸುಮ್ಮನಿದ್ದೆ.

ಈ ವರ್ಷ ಯಜಮಾನರು ಅಂಗಡಿಯನ್ನು ಮಗಳಿಗೆ ವಹಿಸಿ ಮನೆ ಸೇರಿದರು. ಆಕೆ ಬಂದ ಎರಡನೆಯ ವಾರ, ಒಂದು ಬುಧವಾರ, ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: "ಅಪ್ಪನ ಕಾಲ ಮುಗೀತು. ಸೋಮವಾರದಿಂದ ಕೌಂಟರಲ್ಲಿ ನಿಲ್ಲೋರನ್ನ ನೋಡಿದ್ರೆ ಜನಕ್ಕೆ ತಾವೂ ಹಾಗೆ ಕಾಣ್ಬೇಕು ಅನ್ನಿಸ್ಬೇಕು. ಆಗಲ್ಲ ಅನ್ನೋರಿಗೆ ಹಿಂದೆ ಗೋದಾಮಲ್ಲಿ ಕೆಲಸ ಇದೆ." ಮಾತು ಎಲ್ಲರಿಗೂ, ಕಣ್ಣು ಮಾತ್ರ ಬಾಗಿಲಕ್ಕನ ಮೇಲೆ.

ಗೋದಾಮಿಗೆ ಕಿಟಕಿಯಿಲ್ಲ. ಅಲ್ಲಿ ಹಾರುವ ನೂಲಿನ ಧೂಳಿಗೆ ಬಾಗಿಲಕ್ಕನಿಗೆ ಹತ್ತು ನಿಮಿಷದಲ್ಲಿ ಕೆಮ್ಮು ಹತ್ತಿಕೊಳ್ಳುತ್ತದೆ. ಧೂಳಿನಿಂದ ದೂರವಿರಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಆದರೆ ಅವರು ನನ್ನ ಹತ್ತಿರ ಬಂದು ಹೇಳಿಕೊಂಡದ್ದು ಕೆಮ್ಮಿನ ವಿಷಯವನ್ನಲ್ಲ. "ಅಲ್ಲಿ ಮುಖಗಳೇ ಇಲ್ವಲ್ಲಣ್ಣ. ನಾನು ಏನು ನೋಡ್ಕೊಂಡು ಕೂತಿರ್ಲಿ?"

ಮರುದಿನ ಗಿಳಿಹಸಿರು ಬಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟರು. ಮಿರಮಿರ ಮಿಂಚುತ್ತಿತ್ತು. ಎರಡನೆಯ ಕೌಂಟರಿನ ಚಟಾಕಿ, ಅಂದರೆ ಸದಾ ಚಟಾಕಿ ಹಾರಿಸುವ ನಮ್ಮ ಸಹೋದ್ಯೋಗಿ, ಈಗ ಇದೇ ಓಡುತ್ತಿರುವ ಬಣ್ಣ ಎಂದು ಹೇಳಿದ್ದಳಂತೆ. ನಾನು ಬಾಯಿ ಹೊಲಿದುಕೊಂಡು ಬಟ್ಟೆ ಹೊಲಿದುಕೊಟ್ಟೆ.

ಶನಿವಾರ ಬೆಳಿಗ್ಗೆ ಅದನ್ನು ತೊಟ್ಟು ಬಂದರು. ಮೊದಲ ಗಿರಾಕಿ ಒಬ್ಬರು ಶಾಲಾ ಟೀಚರು, ಹಳೆಯ ಪರಿಚಯ. ನೋಡಿದವರೇ ಗಾಬರಿಯಾಗಿ, "ಅಯ್ಯೋ, ಕಾಮಾಲೆನಾ? ಡಾಕ್ಟರಿಗೆ ತೋರಿಸಿದ್ರಾ?" ಎಂದರು.

ಬಾಗಿಲಕ್ಕ ಬಂದು ನನ್ನ ಸ್ಟೂಲಿನ ಮೇಲೆ ಕುಸಿದರು. ಕಣ್ಣೀರು ಬಳಬಳ. "ಬಿಡಿ ಅಣ್ಣ, ನನ್ನ ಹಣೇಲಿ ಗೋದಾಮೇ ಬರೆದಿದೆ."

ನನಗೆ ಅಳು ಕಂಡರೆ ಸಿಟ್ಟು ಬರುತ್ತದೆ. "ಈ ಬಟ್ಟೇನ ಬಾಗಿಲಿಗೆ ತಂದು ನೋಡಿದ್ರಾ?" ಎಂದು ಗದರಿದೆ. ಇಲ್ಲವೆಂದು ತಲೆಯಾಡಿಸಿದರು. "ಇಪ್ಪತ್ತೆರಡು ವರ್ಷದಲ್ಲಿ ನಿಮಗೆ ಅಂತ ಒಂದೇ ಒಂದು ಸಲ?"

ಅವರು ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಊರವರನ್ನೆಲ್ಲ ಹೊಸ್ತಿಲಿಗೆ ಕರೆತಂದವರು ತಾವು ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಅಳತೆ ನೋಡುವ ನನ್ನ ಕನ್ನಡಿಯನ್ನು ಎತ್ತಿ ಮೆಟ್ಟಿಲ ಮೇಲಿಟ್ಟೆ. ತಪ್ಪು ತನ್ನದೂ ಹೌದೆಂದು ಚಟಾಕಿ ಒಂದೊಂದೇ ಥಾನು ಹೊತ್ತು ತಂದಳು. ಬಾಗಿಲಕ್ಕ ಬಟ್ಟೆಯ ನೇಯ್ಗೆ ಸವರುತ್ತ ನಿಂತಾಗ, "ಬಟ್ಟೆ ಆಮೇಲೆ, ಮೊದಲು ಮುಖ" ಎಂದು ಅವರ ಪಾಠವನ್ನು ಅವರಿಗೇ ಒಪ್ಪಿಸಿದೆ. ಬಿಳಿ ಹಿಡಿದರೆ ಕಣ್ಣಿನ ಕೆಳಗಿನ ಕಪ್ಪು ಎದ್ದು ಬಂತು. ಸಾಸಿವೆ ಹಳದಿಗೆ ಕಾಮಾಲೆ ವಾಪಸಾಯಿತು. ತಿಳಿ ಗುಲಾಬಿಗೆ ಚಟಾಕಿ, "ಅಕ್ಕಾ, ಕೇಕಿನ ಮೇಲಿನ ಹೂವು" ಎಂದು ನಕ್ಕಳು.

ಆಮೇಲೆ ಬಂದದ್ದು ಮಾಗಿದ ದಾಳಿಂಬೆಯ ಬಣ್ಣ, ಕಡುಗೆಂಪು. ಅದನ್ನು ಗಲ್ಲದ ಕೆಳಗೆ ಹಿಡಿದದ್ದೇ ತಡ, ಕೆನ್ನೆಗೆ ರಕ್ತ ಬಂದಂತಾಯಿತು. ಅವರ ಕಣ್ಣುಗಳು ಇಷ್ಟು ಕಪ್ಪಗಿವೆ ಎಂದು ನನಗೆ ತಿಳಿದೇ ಇರಲಿಲ್ಲ. ಚಟಾಕಿ ಕೈಯಲ್ಲಿದ್ದ ಮುಂದಿನ ಥಾನನ್ನು ವಾಪಸ್ ಒಳಗೆ ಒಯ್ದಳು. ಬಾಗಿಲಕ್ಕ ಕನ್ನಡಿಯ ಹತ್ತಿರ ಹೋಗಿ ಕೆನ್ನೆ ಮುಟ್ಟಿಕೊಂಡು, "ನಾನು ಹೀಗಿದೀನಾ?" ಎಂದರು. ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು. ಇಂಥ ಮುಖಕ್ಕೆ ಇಷ್ಟು ವರ್ಷ ಬೂದಿ ಹೊಲಿದು ಹಾಕಿದವನು ನಾನಲ್ಲವೇ?

ಅಲ್ಲಿಂದ ಮುಂದೆ ತಮಗೆ ತಾವೇ ಗಿರಾಕಿಯಾದರು. ಸಮಯವಿದ್ದುದು ಒಂದೇ ಒಂದು ಭಾನುವಾರ. "ಹತ್ತು ಜೊತೆ ಬೇಡಣ್ಣ, ನಾಲ್ಕು ಬಟ್ಟೆ ಸಾಕು. ಆದ್ರೆ ಒಂದಕ್ಕೊಂದು ಜಗಳ ಆಡ್ಬಾರ್ದು, ಯಾವುದರ ಮೇಲೆ ಯಾವುದು ಹಾಕಿದ್ರೂ ಹೊಂದ್ಬೇಕು" ಎಂದರು. ದಾಳಿಂಬೆಯದ್ದೊಂದು ಉದ್ದನೆಯ ಅಂಗಿ, ಶಾಯಿ ನೀಲಿಯದ್ದೊಂದು, ಎರಡಕ್ಕೂ ಸಲ್ಲುವ ಕಡುನೀಲಿ ಪ್ಯಾಂಟು, ಎರಡರ ಮೇಲೂ ಹಾಕಬಹುದಾದ ತೋಳಿಲ್ಲದ ಕೋಟು. ಹಳೆಯದರಲ್ಲಿ ಒಂದು ಬೂದಿ ಪ್ಯಾಂಟನ್ನು ಮಾತ್ರ ಉಳಿಸಿಕೊಂಡರು. "ಇದು ಇರ್ಲಿ. ಮುಖದಿಂದ ದೂರ ಇದ್ರೆ ಬೂದಿ ಪಾಪ ಏನು ಮಾಡುತ್ತೆ?"

ಸೋಮವಾರ ಹೊಸ ಯಜಮಾನಿತಿ ಹಳದಿ ಬಟ್ಟೆ ತೊಟ್ಟು ಬಂದಾಗ ಬಾಗಿಲಕ್ಕ ದಾಳಿಂಬೆ ಅಂಗಿಯಲ್ಲಿ ಹೊಸ್ತಿಲ ಹತ್ತಿರವೇ ಇದ್ದರು. ಆಕೆ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಗಿಲಕ್ಕನೂ ಆಕೆಯನ್ನೇ ನೋಡುತ್ತಿದ್ದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹುಟ್ಟುಗುಣ ಬಿಟ್ಟೀತೇ?

"ಬೇಜಾರು ಮಾಡ್ಕೋಬೇಡಿ ಅಮ್ಮ, ಈ ಹಳದಿ ನಿಮ್ಮ ಮುಖಾನ ತಿಂದ್ಹಾಕ್ತಿದೆ. ಸ್ವಲ್ಪ ಬಾಗಿಲಿಗೆ ಬನ್ನಿ."

ನನ್ನ ಸೂಜಿ ಅಲ್ಲೇ ನಿಂತಿತು. ಗೋದಾಮೂ ಹೋಯಿತು, ಇನ್ನು ಮನೆಯೇ ಗತಿ ಅಂದುಕೊಂಡೆ. ಬಾಗಿಲಕ್ಕ ಅಷ್ಟರಲ್ಲಿ ತಿಳಿನೀಲಿ ಬಟ್ಟೆಯೊಂದನ್ನು ಆಕೆಯ ಗಲ್ಲದ ಕೆಳಗೆ ಹಿಡಿದಾಗಿತ್ತು. ಯಜಮಾನಿತಿ ನನ್ನ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಮತ್ತೊಮ್ಮೆ, ಪಕ್ಕಕ್ಕೆ ತಿರುಗಿ, ನೋಡಿಕೊಂಡರು.

"ಮೂರನೇ ಕೌಂಟರ್ ಎತ್ತಿಸಿ ಈ ಬಾಗಿಲ ಪಕ್ಕ ಹಾಕ್ಸಿ" ಎಂದು ಒಳಗಿನವರಿಗೆ ಕೂಗಿ ಹೇಳಿದರು. "ಇವರು ದಿನಾ ಅಲ್ಲಿಂದ ಇಲ್ಲಿಗೆ ಎಷ್ಟು ಸಲ ನಡೀಬೇಕು?" ಆ ತಿಳಿನೀಲಿ ಬಟ್ಟೆಯನ್ನು ಹೊಲಿಯಲು ನನ್ನ ಮುಂದಿಟ್ಟು ಒಳಗೆ ಹೋದರು.

ಬಾಗಿಲಕ್ಕ ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟರು. ಕೆಮ್ಮು ಇರಲಿಲ್ಲ. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಸಿಡುಕ ಎಂಬ ಹೆಸರಿಗೆ ಕಳಂಕ ಬರುವಂತೆ ಕಣ್ಣು ಒದ್ದೆಯಾಯಿತು.

"ಇಷ್ಟು ವರ್ಷ ಯಾಕಣ್ಣ ಹೇಳ್ಲಿಲ್ಲ?" ಎಂದು ಕೇಳಿದರು.

"ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ಮನಿದ್ದೆ."

"ಬಿಡದೆ ಇದ್ದಿದ್ದಕ್ಕೇ ಬಣ್ಣಗೇಡಾಗಿದ್ದು" ಎಂದು ನಕ್ಕರು.

ಈಗ ಅವರ ಕೌಂಟರು ನನ್ನ ಪಕ್ಕದಲ್ಲೇ ಇದೆ. ಉಳಿದ ಬೂದಿ ಬಟ್ಟೆಗಳನ್ನೆಲ್ಲ ಬಿಚ್ಚಿ ನನ್ನ ಯಂತ್ರಕ್ಕೆ ಹೊದಿಕೆ ಹೊಲಿದಿದ್ದೇನೆ. ಇಬ್ಬರೂ ಹೊಸ್ತಿಲಲ್ಲಿ ನಿಂತು, ಹಗಲ ಬೆಳಕಿನಲ್ಲಿ ನೋಡಿದೆವು. ಯಂತ್ರಕ್ಕೆ ಆ ಬಣ್ಣ ಬಹಳ ಚೆನ್ನಾಗಿ ಒಪ್ಪುತ್ತದೆ.