ಸರಾಸರಿ ಎರಡು

ನನ್ನ ಅಕ್ಕನಿಗೆ ತಪ್ಪು ಹುಡುಕುವುದಕ್ಕೆಂದೇ ಸಂಬಳ ಕೊಡುತ್ತಿದ್ದರು. ಚಿಕ್ಕಂದಿನಿಂದಲೂ ಅಮ್ಮ ಅವಳನ್ನು ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಬೈಯುತ್ತಿದ್ದಳು. ಅದನ್ನೇ ಉದ್ಯೋಗ ಮಾಡಿಕೊಂಡುಬಿಟ್ಟಳಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಹೊಸ ಮೊಬೈಲ್ ಆ್ಯಪ್‌ಗಳು ಜನರ ಕೈ ಸೇರುವ ಮೊದಲು ಅವಳ ಕಂಪನಿಗೆ ಬರುತ್ತಿದ್ದವು. ಅಲ್ಲಿ ಮೂವರು ಪರಿಣತರು ಅದನ್ನು ಒತ್ತಿ, ಎಳೆದು, ತಡಕಾಡಿ, ಜನ ಎಲ್ಲೆಲ್ಲಿ ಎಡವುತ್ತಾರೆ ಎಂದು ಮುಂಚೆಯೇ ಹೇಳಬೇಕು.

ಅದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಬಾರದೆಂದು ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂರಬೇಕು. ಸ್ವಂತ ಫೋನನ್ನು ಬಾಗಿಲಾಚೆಯ ಬುಟ್ಟಿಯಲ್ಲಿಟ್ಟು ಒಳಗೆ ಹೋಗಬೇಕು. ಕೆಲಸ ಮುಗಿಯುವ ತನಕ ಯಾರೊಂದಿಗೂ ಮಾತಿಲ್ಲ, ಕತೆಯಿಲ್ಲ. ಆಮೇಲೆ ಮೂವರೂ ಒಟ್ಟಿಗೆ ಕೂತು, ಸಿಕ್ಕ ಪ್ರತಿ ತಪ್ಪಿಗೂ ಒಬ್ಬೊಬ್ಬರೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಒಂದು ಎಂದರೆ ಸಣ್ಣ ಕಿರಿಕಿರಿ, ಪುರುಸೊತ್ತಾದಾಗ ಸರಿಮಾಡಿ. ನಾಲ್ಕು ಎಂದರೆ ಅನಾಹುತ, ಇದನ್ನು ಸರಿಮಾಡದೆ ಆ್ಯಪ್ ಹೊರಗೆ ಬಿಡಲೇಬೇಡಿ. ಅಂಕ ಹೆಚ್ಚಿದಷ್ಟೂ ಮಾನ ಹೋಗುವ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು. ಕೊನೆಗೆ ಕಂಪನಿಯ ಯಜಮಾನರು ಮೂವರ ಅಂಕವನ್ನೂ ಕೂಡಿ, ಸರಾಸರಿ ತೆಗೆದು, ಆ್ಯಪ್ ಮಾಡಿದವರಿಗೆ ಕಳಿಸುತ್ತಿದ್ದರು. ಉಳಿದಿಬ್ಬರು ಒಂದು, ಎರಡು ಎಂದು ನಾಜೂಕಾಗಿ ಬರೆಯುವ ಕಡೆ ಅಕ್ಕ ಮುಲಾಜಿಲ್ಲದೆ ನಾಲ್ಕು ಬರೆಯುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ ನಾಲ್ಕಮ್ಮ ಎಂದೇ ಹೆಸರು ಬಿದ್ದಿತ್ತು.

ಭಾವ ಗಡಿಯಾರ ರಿಪೇರಿ ಮಾಡುವವರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣು ತಿಂದಿತು, ಆಮೇಲೆ ಕಿಡ್ನಿ. ಅಂಗಡಿ ಮುಚ್ಚಿ, ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂರುವ ಹಾಗಾಯಿತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕುಕ್ಕರಿನ ಹಿಡಿ, ಸೋರುವ ನಲ್ಲಿ, ನನ್ನ ಚೀಲದ ಜಿಪ್ಪು, ಏನು ಸಿಕ್ಕರೂ ಬಿಚ್ಚಿ ಜೋಡಿಸುತ್ತಿದ್ದರು. ಅವರ ಫೋನಿನ ಅಕ್ಷರ ಎಷ್ಟು ದೊಡ್ಡದೆಂದರೆ, ನಾನು ಕೋಣೆಯ ಈ ಮೂಲೆಯಿಂದಲೇ ಅವರ ಮೆಸೇಜುಗಳನ್ನು ಗಟ್ಟಿಯಾಗಿ ಓದಿ ರೇಗಿಸುತ್ತಿದ್ದೆ.

"ನಾದಿನಿ ಕದ್ದು ಓದೋಕೆ ಕಷ್ಟಪಡಬಾರದು ಅಂತಲೇ ದೊಡ್ಡದು ಮಾಡಿಸಿದ್ದೀನಿ," ಎನ್ನುತ್ತಿದ್ದರು.

ಆ ಆಸ್ಪತ್ರೆಯವರು ಡಯಾಲಿಸಿಸ್ ಕುರ್ಚಿ ಕಾಯ್ದಿರಿಸಲು ಆ್ಯಪ್ ಮಾಡಿಸಿದಾಗ ಅದು ಪರಿಶೀಲನೆಗೆ ಬಂದದ್ದು ಅಕ್ಕನ ಕಂಪನಿಗೇ. ಯಾವ ಫೋನು ಕೊಟ್ಟರೂ ಅವಳು ಮೊದಲು ಮಾಡುತ್ತಿದ್ದದ್ದು ಅಕ್ಷರವನ್ನು ಭಾವನ ಅಳತೆಗೆ ದೊಡ್ಡದು ಮಾಡುವುದು. ಹಾಗೆ ಮಾಡಿ ನೋಡಿದರೆ, ಬೇಕಾದ ಸಮಯವನ್ನು ಒತ್ತಿದ ಕೂಡಲೇ ಪಕ್ಕದಲ್ಲಿ ಹಸಿರು ಗುರುತು ಬಂತು. ಅದು ಆರಿಸಿದ್ದಕ್ಕೆ ಗುರುತು ಅಷ್ಟೇ. ಕುರ್ಚಿ ಸಿಗಬೇಕಾದರೆ ಕೆಳಗಿನ ಖಚಿತಪಡಿಸುವ ಗುಂಡಿಯನ್ನೂ ಒತ್ತಬೇಕು. ದೊಡ್ಡ ಅಕ್ಷರಗಳು ಆ ಗುಂಡಿಯನ್ನು ಪರದೆಯ ಕೆಳಕ್ಕೆ, ಕಾಣದ ಜಾಗಕ್ಕೆ ತಳ್ಳಿದ್ದವು. ಅಕ್ಕ ನಾಲ್ಕು ಬರೆದಳು.

ಉಳಿದಿಬ್ಬರ ಕಣ್ಣು ಚೆನ್ನಾಗಿತ್ತು. ಅವರು ಸಣ್ಣ ಅಕ್ಷರದಲ್ಲೇ ನೋಡಿದ್ದರು, ಗುಂಡಿ ಅವರಿಗೆ ಎದುರಿಗೇ ಇತ್ತು. ಮೂವರೂ ಒಟ್ಟಿಗೆ ಕೂತಾಗ ಅಕ್ಕ ತೋರಿಸಿದಳು.

"ಅಷ್ಟು ದೊಡ್ಡ ಅಕ್ಷರ ಯಾರ್ರೀ ಇಟ್ಕೋತಾರೆ?" ಎಂದನಂತೆ ಒಬ್ಬ.

"ಬೆರಳಲ್ಲಿ ಒಂಚೂರು ಎಳೆದ್ರೆ ಕಾಣುತ್ತಲ್ಲ," ಎಂದಳಂತೆ ಇನ್ನೊಬ್ಬಳು.

"ಅಲ್ಲೊಂದು ಗುಂಡಿ ಇದೆ ಅಂತಲೇ ಗೊತ್ತಿಲ್ಲದೋರು ಯಾಕೆ ಎಳೀತಾರೆ?" ಎಂದು ಅಕ್ಕ ಕೇಳಿದ್ದಕ್ಕೆ ಇಬ್ಬರೂ ಮೂಗು ಮುರಿದರು. ಒಂದು, ಒಂದು ಎಂದು ಬರೆದರು. ಯಜಮಾನರು ಕೂಡಿ ಭಾಗಿಸಿದರು. ಸರಾಸರಿ ಎರಡು. ಎರಡು ಎಂದರೆ ಮುಂದಿನ ಆವೃತ್ತಿಯಲ್ಲಿ ನೋಡಿಕೊಳ್ಳೋಣ ಎಂದರ್ಥ. ಬಾವಿಗೆ ಕಟ್ಟೆಯಿಲ್ಲ ಎಂದು ಒಬ್ಬಳು ಬಾಯಿ ಬಡಿದುಕೊಂಡಳು, ನಮಗೆ ಬಾವಿ ಕಾಣುತ್ತಲ್ಲ ಎಂದು ಇಬ್ಬರು ಹೇಳಿದರು. ಹಾಗಾದರೆ ಅರ್ಧ ಬಾವಿ ಎಂದು ತೀರ್ಮಾನಿಸಿದ ಆ ಲೆಕ್ಕವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ್ಯಪ್ ಹಾಗೇ ಜನರ ಕೈಗೆ ಬಂತು. ಅಂದಿನಿಂದ ಭಾವನ ಕುರ್ಚಿಯನ್ನು ಅಕ್ಕನೇ ಕಾಯ್ದಿರಿಸತೊಡಗಿದಳು. ಭಾವನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

"ಬೀದಿಯವರ ಟೈಮೆಲ್ಲ ನನ್ನ ಕೈಲಿತ್ತು. ಈಗ ನನ್ನ ಟೈಮು ಹೆಂಡತಿ ಕೈಲಿ," ಎಂದು ನಗುತ್ತಿದ್ದರು. ಆ ನಗು ನನಗೆ ಇಷ್ಟವಾಗುತ್ತಿರಲಿಲ್ಲ.

ಒಂದು ವಾರ ಅಕ್ಕನಿಗೆ ಆಫೀಸಿನಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಭಾವ ತಾವೇ ಕಾಯ್ದಿರಿಸಿದರು. ಡಯಾಲಿಸಿಸ್ ದಿನ ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟುತ್ತಾ ಕೇಳಿದಳು:

"ಕೆಳಗೆ ಎಳೆದು ಗುಂಡಿ ಒತ್ತಿದ್ರಿ ತಾನೆ?"

"ಆಯ್ತಲ್ಲ ಕಣೇ, ಹಸಿರು ಬಂತು. ನನಗೂ ನಾಲ್ಕು ಕೊಡಬೇಡ, ಹೋಗು."

ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಅಂಗಡಿಯ ಕಾಲದ ಗೆಲುವಿತ್ತು. ಫೋನು ತೋರಿಸಿ ಎಂದು ಕೇಳಿ ಅದನ್ನು ಕೆಡಿಸಲು ಅಕ್ಕನಿಗೆ ಮನಸ್ಸಾಗಲಿಲ್ಲ. ಅವಳು ಹೊರಟಳು.

ಆಸ್ಪತ್ರೆಯಲ್ಲಿ ಅವರ ಹೆಸರಿರಲಿಲ್ಲ. ಕುರ್ಚಿ ಬೇರೆಯವರಿಗೆ ಹೋಗಿತ್ತು. ಹಿಂದಿನ ಸರದಿಯೂ ರಜೆಯಿಂದಾಗಿ ತಪ್ಪಿ, ಅವರ ಕಾಲು ಊದಿಕೊಂಡಿತ್ತು. ಕೌಂಟರಿನ ಹುಡುಗಿ ತಲೆಯೆತ್ತದೆ, "ನೀವು ಬುಕ್ಕೇ ಮಾಡಿಲ್ವಲ್ಲ ಸರ್, ನಾಳೆ ಬನ್ನಿ," ಎಂದಳಂತೆ. ಜಗಳ ಆಡುವ ಜಾಯಮಾನ ಅವರದಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಅಕ್ಕನಿಗೆ ಮತ್ತೆ ಮತ್ತೆ ಫೋನು ಮಾಡಿದರು. ಅಕ್ಕ ಕೋಣೆಯೊಳಗೆ ಯಾರದೋ ಬಟ್ಟೆ ಮಾರುವ ಆ್ಯಪ್‌ನಲ್ಲಿ ತಪ್ಪು ಹುಡುಕುತ್ತಿದ್ದಳು. ಫೋನು ಬುಟ್ಟಿಯಲ್ಲಿ ಅದುರುತ್ತಿತ್ತು. ಅದೇ ಬೆಂಚಿನ ಮೇಲೆ ಭಾವನಿಗೆ ಉಸಿರು ಕಟ್ಟಿತು. ಒಳಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಎತ್ತಲಿಲ್ಲವೆಂದು ಆಸ್ಪತ್ರೆಯವರು ನನಗೆ ಫೋನು ಮಾಡಿದರು. ಆ ಕೋಣೆಯ ಬಾಗಿಲು ಬಡಿದು ಅಕ್ಕನಿಗೆ ಸುದ್ದಿ ಹೇಳಿದವಳು ನಾನು.

ಕೆಲವು ದಿನಗಳ ಮೇಲೆ ಯಜಮಾನರು ಮಾತಾಡಿಸಿಕೊಂಡು ಹೋಗಲು ಮನೆಗೆ ಬಂದರು. ಭಾವನ ಬಿಚ್ಚಿಟ್ಟ ಗಡಿಯಾರಗಳಿದ್ದ ಮೇಜಿನ ಪಕ್ಕ ಕೂತು, ಕಾಫಿ ಬೇಡವೆಂದು ಹೇಳಿ, ಕುಡಿದು, ಗಂಟಲು ಸರಿಮಾಡಿಕೊಂಡರು.

"ಆಸ್ಪತ್ರೆಯವರು ತಪ್ಪನ್ನ ನಮ್ಮ ತಲೆಗೆ ಕಟ್ಟೋಕೆ ನೋಡಿದ್ರು. ನಿಮ್ಮ ನಾಲ್ಕು ಅಂಕ ತೋರಿಸಿದೆ ನೋಡಿ, ನಮ್ಮವರು ಮೊದಲೇ ಹೇಳಿದ್ರು ಅಂತ. ಬಾಯಿ ಮುಚ್ಕೊಂಡ್ರು. ಕಂಪನಿ ಮಾನ ಉಳಿಸಿದ್ರಿ ನೀವು."

ಸಾವಿನ ಮನೆಗೆ ಬಂದು ಶಹಬ್ಬಾಸ್‌ಗಿರಿ ಕೊಡುತ್ತಿದ್ದಾರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತು, ಹೊರಡಿ ಎನ್ನುವುದರಲ್ಲಿದ್ದೆ. ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ನಾನು ನಾಲ್ಕು ಕೊಟ್ಟಿದ್ದು ಯಾತಕ್ಕೆ ಅಂತ ನೆನಪಿದೆಯಾ ಸರ್?"

"ಅದೇ... ಅಕ್ಷರದ್ದೇನೋ ಅಲ್ವಾ?"

ಅಕ್ಕ ಒಳಗೆ ಹೋಗಿ ಭಾವನ ಫೋನು ತಂದಳು. ಆ್ಯಪ್ ತೆರೆದು ಯಜಮಾನರ ಕೈಗಿಟ್ಟಳು.

"ಸೋಮವಾರಕ್ಕೆ ಒಂದು ಕುರ್ಚಿ ಹಿಡೀರಿ."

ದುಃಖಕ್ಕೆ ತಲೆ ಕೆಟ್ಟಿರಬೇಕು ಎಂಬಂತೆ ಅವರು ನನ್ನ ಕಡೆ ನೋಡಿದರು. ಆದರೂ ಸೋಮವಾರ ಒತ್ತಿದರು, ಸಮಯ ಒತ್ತಿದರು. ಹಸಿರು ಗುರುತು ಬಂತು. ಫೋನನ್ನು ಅಕ್ಕನಿಗೆ ವಾಪಸು ಕೊಟ್ಟರು.

"ಆಯ್ತಲ್ಲಮ್ಮ," ಎಂದರು.

"ಅವರೂ ಹಾಗೇ ಅಂದ್ರು ಸರ್," ಎಂದಳು ಅಕ್ಕ.