ಒಲೆಗೆ ಹೋದ ದೋಣಿ

ಅಪ್ಪನಿಗೆ ಖಾನಾಪುರದಲ್ಲಿ ಒಬ್ಬಳು ಇದ್ದಾಳೆ ಎಂದು ಅವ್ವ ಒಂದು ಚಳಿಗಾಲ ಪೂರ್ತಿ ನಂಬಿದ್ದಳು. ನಂಬದೆ ಏನು ಮಾಡಿಯಾಳು? ಅಂಗಡಿಯ ಸೂಟಿಯ ದಿನ ಬಂತೆಂದರೆ ಅಪ್ಪ ಬೆಳಕು ಹರಿಯುವ ಮೊದಲೇ ಎದ್ದು, ಭತ್ತದ ವ್ಯಾಪಾರ ಎಂದು ಹೇಳಿ ರೈಲು ಹತ್ತುತ್ತಿದ್ದ. ಸಂಜೆ ಬರುವಾಗ ಒಂದು ಹಿಡಿ ಭತ್ತವನ್ನೂ ತರುತ್ತಿರಲಿಲ್ಲ. ಮುಖ ಬಿಸಿಲಿಗೆ ಕೆಂಪಗಾಗಿರುತ್ತಿತ್ತು, ಧೋತರದ ಅಂಚು ಕೆಸರು. ಮೇಲಾಗಿ, ಕೈಕಾಲು ತೊಳೆಯುತ್ತ ಗುನುಗುಟ್ಟುತ್ತಿದ್ದ. ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಮೂರನೆಯ ಮಾತು ಆಡದ ಮನುಷ್ಯ ಗುನುಗುಟ್ಟಿದರೆ ಯಾವ ಹೆಂಡತಿಗಾದರೂ ಸಂಶಯ ಬಂದೀತು.

ಅವ್ವನಿಗೆ ಆ ಮನುಷ್ಯನಿಂದ ಬೇಕಾಗಿದ್ದು ಬಹಳವೇನಲ್ಲ, ನಾಲ್ಕು ಮಾತು. ಬಂಗಾರ ಕೇಳಿದವಳಲ್ಲ, ರೇಷ್ಮೆ ಸೀರೆ ಕೇಳಿದವಳಲ್ಲ. ಊಟಕ್ಕೆ ಕೂತಾಗ ಪಲ್ಯ ಖಾರವಾಗಿದೆ ಎಂದು ಬೈದಿದ್ದರೂ ಆಕೆ ಸಂತೋಷಪಡುತ್ತಿದ್ದಳು. "ನಿಮ್ಮಪ್ಪ ಬೈಯೂದಿಲ್ಲ, ಬಡಿಯೂದಿಲ್ಲ. ಅದ ನೋಡವಾ ನನ್ನ ದೈವ," ಎನ್ನುತ್ತಿದ್ದಳು ನನ್ನ ಮುಂದೆ. ನಾನು ಆಗಷ್ಟೇ ಕಾಲೇಜಿಗೆ ಹೋಗತೊಡಗಿದ್ದೆ. ಗಂಡ-ಹೆಂಡಿರ ನಡುವೆ ಇಷ್ಟು ಸಣ್ಣ ಆಸೆಗೂ ಇಷ್ಟು ಬರ ಇರುತ್ತದೆಯೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ನಮ್ಮದು ಅನಗೋಳದಲ್ಲಿ ಕೂಡು ಮನೆತನ. ರವಿವಾರ ಪೇಟೆಯಲ್ಲಿ ಅಕ್ಕಿ, ಬೆಲ್ಲದ ಸಗಟು ಅಂಗಡಿ. ಯಜಮಾನಿಕೆ ದೊಡ್ಡಪ್ಪನದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಜೀವದಯೆ. ಆತ ಕೆಮ್ಮಿದರೆ ಅಡುಗೆಮನೆಯಲ್ಲಿ ಲಟ್ಟಣಿಗೆ ನಿಲ್ಲುತ್ತಿತ್ತು. ಅಪ್ಪ ತಮ್ಮ. ಅಣ್ಣ ಕೂತರೆ ನಿಲ್ಲುವವನು, ಅಣ್ಣ ನಿಂತರೆ ಇನ್ನೂ ಸ್ವಲ್ಪ ಬಗ್ಗಿ ನಿಲ್ಲುವವನು.

ಒಂದು ಸೂಟಿಯ ದಿನ ಅವ್ವ ನನ್ನನ್ನು ಕರೆದುಕೊಂಡು ಅಪ್ಪ ಹೋದ ನಂತರದ ರೈಲಿಗೆ ಖಾನಾಪುರಕ್ಕೆ ಹೊರಟಳು. ಸೆರಗಿನ ತುದಿಗೆ ಖಾರಪುಡಿ ಕಟ್ಟಿಕೊಂಡಿದ್ದಳು. ಯಾಕೆ ಎಂದು ಕೇಳಿದೆ. "ಆಕಿ ಕಣ್ಣಾಗ ಉಗ್ಗಾಕ," ಎಂದಳು. ಅವ್ವ ಅಂಥವಳು ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಸ್ಟೇಶನ್ನಿನ ಹೊರಗೆ ಚಹಾದ ಅಂಗಡಿಯವನಿಗೆ ಅಪ್ಪನ ಗುರುತು ಹೇಳಿದೆವು. ಆತ ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ, "ಹೋಡಿವಾಲೆ ಸಾವ್ಕಾರ್ ಕಾಯ್? ನದಿಗೆ ಹೋಗ್ರಿ," ಎಂದ. ಹೋಡಿ ಎಂದರೆ ದೋಣಿ. ದೋಣಿಗೂ ನಮ್ಮ ಅಪ್ಪನಿಗೂ ಏನು ಸಂಬಂಧ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಮಲಪ್ರಭೆಯ ದಂಡೆಗೆ ಹೋಗಿ ನೋಡಿದರೆ ನಡುನೀರಿನಲ್ಲಿ ಹಸಿರು ಬಣ್ಣದ ಒಂದು ಹಳೆಯ ದೋಣಿ. ಹೋದ ದೀಪಾವಳಿಗೆ ನಮ್ಮ ಬಾಗಿಲಿಗೆ ಹಚ್ಚಿ ಉಳಿದ ಹಸಿರು ಬಣ್ಣವೇ ಅದು. ಅದರಲ್ಲಿ ನಮ್ಮ ಅಪ್ಪ, ತಲೆಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಗಾಳದ ಕೋಲು ಹಿಡಿದು ಕೂತಿದ್ದ. ದೋಣಿ ಕಾಯುವ ಮುದುಕ ಇನ್ನೊಂದು ತುದಿಯಲ್ಲಿದ್ದ. ಅಪ್ಪ ಅವನೊಂದಿಗೆ ಮಾತಾಡುತ್ತಿದ್ದ. ಮಾತಾಡುತ್ತಿದ್ದ ಎಂದರೆ, ಒಂದೇ ಸವನೆ! ಕೈ ತಿರುಗಿಸಿ, ತೊಡೆ ತಟ್ಟಿ, ನಕ್ಕು. ನೀರಿನ ಮೇಲಿಂದ ಆ ನಗು ನಮ್ಮ ತನಕ ಬರುತ್ತಿತ್ತು. ಒಂದು ಗೆಂಡೆ ಮೀನು ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೂ ಏನೋ ಹೇಳಿ ನೀರಿಗೆ ಬಿಟ್ಟ. ಆಮೇಲೆ ಬುತ್ತಿ ಬಿಚ್ಚಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಮುರಿದು, ನಾದಿ ಉಂಡೆ ಮಾಡಿ ಗಾಳಕ್ಕೆ ಸಿಗಿಸಿದ.

ಅವ್ವ ಬಹಳ ಹೊತ್ತು ನಿಂತು ನೋಡಿದಳು. "ಹೆಣ್ಣಾಗಿದ್ರ ಛಲೋ ಇತ್ತು," ಎಂದಳು. ಅಪ್ಪನನ್ನು ಕೂಗಲಿಲ್ಲ. ಹಾಗೇ ತಿರುಗಿ ಬಂದೆವು. ಆ ಖಾರಪುಡಿಯನ್ನು ಮನೆಗೆ ತಂದು ಬದನೆಕಾಯಿ ಪಲ್ಯಕ್ಕೆ ಹಾಕಿದಳು.

ದೋಣಿಯ ಕಥೆ ಆಮೇಲೆ ಊರವರಿಂದ ತಿಳಿಯಿತು. ಊರಿನ ಕ್ಯಾಂಪ್ ಭಾಗದಲ್ಲಿದ್ದ, ಮಿಲಿಟರಿಯಿಂದ ನಿವೃತ್ತನಾದ ಒಬ್ಬ ಸಾಹೇಬ ನಮ್ಮ ಅಂಗಡಿಯ ಗಿರಾಕಿ. ಬೆಲ್ಲ ಕೊಡಲು ಹೋದ ಅಪ್ಪನನ್ನು ಒಮ್ಮೆ ಜೀಪಿನಲ್ಲಿ ನದಿಗೆ ಕರೆದೊಯ್ದಿದ್ದ. ಅಲ್ಲಿಂದ ಹುಚ್ಚು ಹಿಡಿಯಿತು. ಸಾಹೇಬ ತನ್ನ ಊರಿಗೆ ಹೊರಟಾಗ ದೋಣಿ, ಕೋಲು ಎಲ್ಲ ಅಪ್ಪನಿಗೆ ಮಾರಿ ಹೋದ. ದೋಣಿ ಅಡಿಯಲ್ಲಿ ಸೋರುತ್ತಿತ್ತು. ಅಪ್ಪ ಅಂಗಡಿಯ ಗೋಣಿತಟ್ಟು ಹರಿದು ಸಂದಿಗೆ ತುಂಬಿ, ಮೇಲೆ ಡಾಂಬರು ಬಳಿದಿದ್ದ. ನಾವು ಮೀನು ತಿನ್ನುವವರಲ್ಲ. ನಮ್ಮ ಮನೆಯಲ್ಲಿ ಆ ಶಬ್ದವನ್ನೇ ಮೆತ್ತಗೆ ಆಡುತ್ತಿದ್ದರು. ಹಿಡಿಯುವುದು, ಬಿಡುವುದು, ಅಷ್ಟೇ ಅಪ್ಪನ ಆಟ.

ಅವ್ವ ಅಪ್ಪನನ್ನೇ ಕೇಳಬಹುದಿತ್ತು. ಕೇಳಿದರೆ ಹೂಂ ಎನ್ನುತ್ತಾನೆ, ಅಷ್ಟೇ ತಾನೆ ಎಂದುಕೊಂಡಳೋ ಏನೋ. ದೋಣಿ ಹೋದರೆ ಆ ಮಾತೆಲ್ಲ ಮನೆಗೆ ಬರುತ್ತದೆ ಎಂದು ಆಕೆಯ ಲೆಕ್ಕ. ಭಾವನ ಎದುರು ಎಂದೂ ಬಾಯಿ ಬಿಡದವಳು, ಅವತ್ತು ತಲೆ ತುಂಬ ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ದೊಡ್ಡಪ್ಪನಿಗೆ ಎಲ್ಲ ಹೇಳಿದಳು. ಇರಲಾರದೆ ಇರುವೆ ಬಿಟ್ಟುಕೊಂಡಳು. "ಅವರಿಗೆ ಏನೂ ಅನಬ್ಯಾಡ್ರಿ. ಬುದ್ಧಿ ಹೇಳ್ರಿ, ಸಾಕು," ಎಂದೂ ಸೇರಿಸಿದಳು. ದೊಡ್ಡಪ್ಪ, "ಆತು ಬಿಡವಾ, ನಾ ನೋಡ್ತೀನಿ," ಎಂದ. ದನಿ ಬೆಣ್ಣೆಯಂತಿತ್ತು.

ಮುಂದಿನ ಅಮವಾಸ್ಯೆಗೆ ದೊಡ್ಡಪ್ಪ ಜಂಗಮರಿಗೆ, ಓಣಿಯ ಮಂದಿಗೆ ಊಟ ಹೇಳಿದ. ಆ ದಿನ ನಸುಕಿನಲ್ಲಿ ಖರೇನೇ ಖಾನಾಪುರದಿಂದ ಲಾರಿ ಬಂತು. ಅದರಲ್ಲಿ ಭತ್ತ ಇರಲಿಲ್ಲ, ಅಪ್ಪನ ದೋಣಿ ಇತ್ತು. ಹಿತ್ತಲಿನಲ್ಲಿ ಇಳಿಸಿದರು. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತ. ದೊಡ್ಡಪ್ಪ ಒಂದು ಕೊಡಲಿ ತಂದು ಅವನ ಕೈಗೆ ಕೊಟ್ಟ.

"ತಮ್ಮಾ, ಕಟಗಿ ಕಡಿಮಿ ಬಿದ್ದಾವು. ನಿಂದ ಸಾಮಾನು, ಮಂದಿ ಕೈಲೆ ಯಾಕ ಒಡಸೂದು? ನೀನ ಒಡಿ."

ಸಾಗವಾನಿ ಕಟ್ಟಿಗೆ, ಸುಲಭಕ್ಕೆ ಒಡೆಯುತ್ತದೆಯೇ? ಅಪ್ಪ ಬೆವೆತು, ಅಂಗಿ ಕಳಚಿ, ಎದೆಯ ಮೇಲೆ ಲಿಂಗ ಜೋತಾಡುತ್ತಿರಲು ಹೊತ್ತೇರುವವರೆಗೆ ಒಡೆದ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ಸಣ್ಣಾಗಿ ಸೀಳು, ಉರಿ ಹತ್ತಬೇಕಲ್ಲ," ಎನ್ನುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಅವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಬುದ್ಧಿ ಹೇಳ್ರಿ ಎಂದಿದ್ದಳಲ್ಲ, ಹೇಳುತ್ತಿದ್ದ.

ಮೈಲಿಗೆಯ ವಸ್ತುವನ್ನು ಸುಟ್ಟರೆ ಮನೆ ಮಡಿಯಾಗುತ್ತದೆ, ಜಂಗಮರ ಅಡುಗೆಯ ಕೆಳಗೆ ಸುಟ್ಟರೆ ಇಮ್ಮಡಿ ಮಡಿಯಾಗುತ್ತದೆ ಎಂದು ದೊಡ್ಡಪ್ಪನ ತರ್ಕ. ಡಾಂಬರಿನ ನೆನಪು ಆ ಮಹಾನುಭಾವನಿಗೆ ಬರಲಿಲ್ಲ. ಕೊಪ್ಪರಿಗೆಯ ಸುತ್ತ ಕರಿ ಹೊಗೆ ಎದ್ದಿತು. ಗೋಧಿ ಹುಗ್ಗಿ ಡಾಂಬರು ನಾರತೊಡಗಿತು. ಎಷ್ಟು ಏಲಕ್ಕಿ ಹಾಕಿದರೂ ಹೋಗಲಿಲ್ಲ. ಪಂಕ್ತಿಗೆ ಕೂತವರೆಲ್ಲ ಒಂದು ತುತ್ತಿಗೇ ಮುಖ ಕಿವುಚಿದರು.

"ಹುಗ್ಗಿ ಹೆಂಗ ಆಗೇತ್ರಿ?" ಎಂದು ದೊಡ್ಡಪ್ಪ ನಡುವೆ ನಿಂತು ಕೇಳಿದ.

"ಭಾಳ ಛಲೋ ಆಗೇತ್ರಿ!" ಎಂದರು. ಶಿವ ಶಿವಾ, ಅಷ್ಟು ಮಂದಿಯಲ್ಲಿ ಒಬ್ಬನಿಗಾದರೂ ನಾಲಿಗೆ ಇರಬೇಡವೇ? ಬಡಿಸುತ್ತಿದ್ದವನು ಅಪ್ಪ. ಸೌಟು ಅವನ ಕೈಯಲ್ಲೇ ಕೊಟ್ಟಿದ್ದರು. ಆಗ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ತಮ್ಮಾ, ನಿನ್ನ ಹೇಂತಿ ಬಂದು ನನ್ನ ಮುಂದ ಹೇಳ್ಲಿಲ್ಲಂದ್ರ ಮನೆತನದ ಮರ್ಯಾದಿ ನೀರಪಾಲ ಆಗ್ತಿತ್ತು. ಒಳಗ ಆಕಿಗೆ ಒಂದ ಸೌಟ ಹೆಚ್ಚಿಗಿ ಇಡು."

ಅಪ್ಪ ಇಟ್ಟ. ಒಳಗೆ ಬಂದು, ಅವ್ವನ ತಾಟಿಗೆ ಒಂದು ಸೌಟು ಹೆಚ್ಚು ಹುಗ್ಗಿ ಹಾಕಿ, ಆಕೆಯ ಮುಖವನ್ನು ಒಂದು ಸಲ ನೋಡಿ ಹೊರಗೆ ಹೋದ. ಆಕೆ ಅದನ್ನು ಪೂರ್ತಿ ಉಂಡಳು.

ಅಲ್ಲಿಂದ ಶುರುವಾಯಿತು. ಅಣ್ಣನಿಗೆ ಅಪ್ಪ ಏನಾದರೂ ಅಂದನೇ? ಇಲ್ಲ. ಮರುದಿನವೇ "ಹೂಂ ಅಣ್ಣಾ" ಎಂದು ಹಿಂದೆ ಹಿಂದೆ ಅಂಗಡಿಗೆ ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವ್ವನಿಗೆ ಸಿಗುತ್ತಿದ್ದ ಹೂಂ, ಉಹೂಂ ಕೂಡ ನಿಂತವು. ಏನಿದ್ದರೂ ನನ್ನ ಮೂಲಕ. "ನಿಮ್ಮವ್ವಗ ಹೇಳು, ನೀರ ಕಾಸು ಅಂತ." "ನಿಮ್ಮವ್ವಗ ಹೇಳು, ಧೋತರ ಒಗಿ ಅಂತ." ಅವ್ವ ಎದುರಿಗೇ ನಿಂತಿರುತ್ತಿದ್ದಳು. ನದಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತು ಕಲಿತ ತಾಳ್ಮೆಯನ್ನೆಲ್ಲ ಆ ಮನುಷ್ಯ ಹೆಂಡತಿಯ ಮೇಲೆ ಖರ್ಚು ಮಾಡಿದ.

ಒಮ್ಮೆ ಕುದಿಯುವ ಸಾರು ಅವ್ವನ ಮುಂಗೈ ಮೇಲೆ ಚೆಲ್ಲಿತು. ಚರ್ಮ ಎದ್ದು ಬಂದಿತ್ತು. ಅಪ್ಪ ಓಡಿ ಬಂದ, ನೋಡಿದ, ನನ್ನ ಕಡೆ ತಿರುಗಿ, "ನಿಮ್ಮವ್ವಗ ಹೇಳು, ದವಾಖಾನಿಗೆ ಹೋಗು ಅಂತ," ಎಂದ. "ಎದುರಿಗೇ ಅದಾಳಲ್ಲ, ನೀನ ಹೇಳು! ಬಾಯಿ ಸೇದಿ ಹೋಗೇತೇನು?" ಎಂದು ನಾನು ಚೀರಿದೆ. ಅಪ್ಪ ಹೊರಗೆ ಹೋದ. ಅವ್ವ ನನ್ನನ್ನೇ ಬೈದಳು. "ದವಾಖಾನಿಗೆ ಹೋಗು ಅಂದ್ರಲ್ಲ ಅವ್ರು. ಕಾಳಜಿ ಇಲ್ದ ಅಂತಾರೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಆ ನಗು ನೋಡಿ ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

ಹೀಗೆ ವರ್ಷಗಳು ಹೋದವು. ನಾನು ಶಾಲೆಯೊಂದರಲ್ಲಿ ಶಿಕ್ಷಕಿಯಾದೆ. ದೊಡ್ಡಪ್ಪ ತೀರಿಕೊಂಡ, ಮನೆ ಬೇರೆ ಬೇರೆಯಾಯಿತು. ಅಪ್ಪ ಅಣ್ಣನ ಹೆಣದ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಅವ್ವ ಸೋಮವಾರ ಹಿಡಿದಳು, ಹರಕೆ ಹೊತ್ತಳು. ಮಾತು ಮಾತ್ರ ಬರಲಿಲ್ಲ. ಕಡೆಗೆ ಒಂದು ದಿನ ನನ್ನನ್ನು ಕ್ಯಾಂಪಿಗೆ ಎಳೆದುಕೊಂಡು ಹೋದಳು. ಮೀನಿನ ಗಾಳ ಮಾರುವ ಅಂಗಡಿ ಹುಡುಕಿಸಿದಳು. ಹಣೆಗೆ ವಿಭೂತಿ ಹಚ್ಚಿದ ಹೆಂಗಸು ಗಾಳದ ಕೋಲು ಕೇಳಿದ್ದಕ್ಕೆ ಅಂಗಡಿಯವನು, "ಅಕ್ಕಾರ, ಮೀನ ಹಿಡ್ಯಾವ್ರು ಯಾರ್ರಿ, ನೀವ?" ಎಂದು ನಕ್ಕ. "ನಾನ. ಒಂದ ಮೀನ ತಪ್ಪಿಸಿಕೊಂಡೈತಿ," ಎಂದಳು ಅವ್ವ. ಕೋಲನ್ನು ತಂದು ಅಪ್ಪನ ಚಪ್ಪಲಿಯ ಬಾಜು ನಿಲ್ಲಿಸಿದಳು.

ಅಪ್ಪ ನೋಡಿದ. ಮುಂದಿನ ಸೂಟಿಗೆ ಅದನ್ನು ತೆಗೆದುಕೊಂಡು ಖಾನಾಪುರಕ್ಕೆ ಹೋದ. ಅವ್ವ ದಿನವೆಲ್ಲ ಒಳಗೆ ಹೊರಗೆ ಓಡಾಡಿದಳು. ತಲೆ ಬಾಚಿಕೊಂಡಳು, ಬಾಚಿದ್ದನ್ನು ಬಿಚ್ಚಿ ಮತ್ತೆ ಬಾಚಿಕೊಂಡಳು.

ಸಂಜೆ ಅಪ್ಪ ಬಂದವನೇ ಸೀದಾ ಅಡುಗೆಮನೆಗೆ ನುಗ್ಗಿದ. "ಏ, ಕೇಳಿಲ್ಲೆ! ಗೆಂಡಿ ಸಿಕ್ಕಿತ್ತು, ಇಷ್ಟ ದೊಡ್ಡದು! ದಂಡಿಗೆ ತರಬೇಕಂದ್ರ ನನ್ನ ಕೈ ಸೋತ ಹೋತು ನೋಡು!"

ಅವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಆಕೆಯ ಮುಖಕ್ಕೆ ಬಂದ ಕಳೆ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಪ್ಪ ಹೇಳುತ್ತಲೇ ಹೋದ. ನೀರು ಹೇಗಿತ್ತು, ಗಾಳಿ ಹೇಗಿತ್ತು, ಆ ಮುದುಕ ಏನಂದ. ಮಾತು ಬಿಟ್ಟು ವರ್ಷಗಳಾದವು ಎಂಬುದೇ ಆ ಮನುಷ್ಯನ ನೆನಪಿನಲ್ಲಿ ಇರಲಿಲ್ಲ! ಇತ್ತ ಈಕೆ ಒಂದೊಂದು ದಿನ ಬೆಂದಿದ್ದಳು. ಅವ್ವ ಕಾದಳು. ಆ ವರ್ಷಗಳ ಬಗ್ಗೆ ಒಂದು ಮಾತು, ಕಡೆಗೆ ಸುಟ್ಟ ಕೈಯ ಬಗ್ಗೆ ಒಂದು ಮಾತು ಬಂದೀತೆಂದು ಕಾದಳು.

"ಹಳೇ ಹೋಡಿ ಒಂದ ಮಾರಾಕ ಐತಂತ," ಎಂದ ಅಪ್ಪ. "ತಗೋಳೂಣು? ಈಗ ಯಾರದೇನ ಅಂಜಿಕಿ?"

ಅವ್ವನ ಮುಖದ ಕಳೆ ಇಳಿಯಿತು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಬೆನ್ನು ತಿರುಗಿಸಿ, ನನಗೆ ಹೇಳಿದಳು:

"ನಿಮ್ಮಪ್ಪಗ ಹೇಳು, ಹೋಡಿ ತಗೋರಿ ಅಂತ. ಮಾತೂ ಅದರ ಕೂಡನ ಆಡ್ರಿ ಅಂತ ಹೇಳು. ನನಗ ಕೇಳಸೂದಿಲ್ಲ."

ಅಪ್ಪ ಆಕೆಯಿಂದ ಒಂದು ಮಾರು ದೂರದಲ್ಲಿದ್ದ. ಅವನ ಕೈ ಇನ್ನೂ ಮೀನಿನ ಉದ್ದ ತೋರಿಸುತ್ತಲೇ ಇತ್ತು. ನನ್ನ ಕಡೆ ತಿರುಗಿದ.

"ಏನಂದ್ಳು ಆಕಿ?" ಎಂದು ಕೇಳಿದ.

ನಾನು ಹೇಳಿದೆ, ಒಂದಕ್ಷರ ಬಿಡದೆ. ಅಪ್ಪ ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ. ಅವ್ವ ಬಿಸಿ ರೊಟ್ಟಿ ಹಾಕಿದಳು. ಅವತ್ತಿನಿಂದ ಆಕೆ ಸಾಯುವವರೆಗೂ ಅಪ್ಪ ಆಕೆಯೊಂದಿಗೆ ಮಾತಾಡುತ್ತಲೇ ಇದ್ದ, ಆಕೆ ನನಗೆ ಹೇಳುತ್ತಲೇ ಇದ್ದಳು.